ಹೊನ್ನೂರಮ್ಮನ ಐಸ್ ಪೆಟ್ಟಿಗೆ

ಚನ್ನಗಿರಿಯ ಸಮುದಾಯ ಭವನದಲ್ಲಿ ಹಳದಿ ರಟ್ಟಿನ ಚೀಟಿ ಕೈಗೆ ಬಂದಾಗ ಹೊನ್ನೂರಮ್ಮ ಮೊದಲು ಅದರ ಹಿಂಭಾಗ ನೋಡಿದಳು. ನಂಬರು ಇರಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದಳು. ಗುರುತೂ ಇರಲಿಲ್ಲ. ಅಷ್ಟಕ್ಕೆ ಅವಳಿಗೆ ಸಮಾಧಾನವಾಗಲಿಲ್ಲ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ನಾಲ್ಕೂ ತಾಲ್ಲೂಕಿನಿಂದ ಮೂವತ್ತೆರಡು ಪಶುಸಖಿಯರು ಅಲ್ಲಿಗೆ ಬಂದಿದ್ದರು. ತಮ್ಮ ತಮ್ಮ ಊರಿನಲ್ಲಿ ಕುರಿ ಮೇಕೆಗಳಿಗೆ ಲಸಿಕೆ ಹಾಕುವುದು, ಜಂತಿನ ಔಷಧಿ ಕುಡಿಸುವುದು, ಕಾಯಿಲೆ ಕಂಡರೆ ಪಶು ಆಸ್ಪತ್ರೆಗೆ ಸುದ್ದಿ ಮುಟ್ಟಿಸುವುದು ಇವರ ಕೆಲಸ. ಬಿಳಿಚೋಡಿನ ಹೊನ್ನೂರಮ್ಮನಿಗೆ ಈ ಕೆಲಸ ಸಿಕ್ಕಿ ನಾಲ್ಕು ವರ್ಷ. ಎರಡು ದಿನ ಕುರಿಯ ರೋಗಗಳ ಬಗ್ಗೆ ಪಾಠವಾಗಿತ್ತು. ಮೂರನೆಯ ದಿನ ತರಬೇತಿ ನಡೆಸುತ್ತಿದ್ದ ಪ್ರೇಮಲತಾ ಮೇಡಂ ಕುರಿಯ ಚಿತ್ರಗಳನ್ನು ಸುತ್ತಿಟ್ಟು ಈ ಚೀಟಿ ಹಂಚಿದ್ದರು. ಬದುಕನ್ನೂ ಕೆಲಸವನ್ನೂ ನಡೆಸುವ ಮೂರು ಮೌಲ್ಯಗಳನ್ನು ಬರೆಯಬೇಕು, ಹೆಸರು ಹಾಕಬಾರದು.

ಹೆಸರು ಬೇಡ ಎಂದಾಗಲೇ ಹೊನ್ನೂರಮ್ಮನ ಅನುಮಾನ ಗಟ್ಟಿಯಾದದ್ದು. ಕೈಬರಹ ಇರುವಾಗ ಹೆಸರೇಕೆ ಬೇಕು? ಯಾರನ್ನೋ ಕೈಬಿಡಲಿಕ್ಕೆ ದಾರಿ ಹುಡುಕುತ್ತಿದ್ದಾರೆ. ಪೆನ್ನಿನ ಮುಚ್ಚಳ ತೆಗೆಯದೆ ಕೂತಳು.

ಪಕ್ಕದಲ್ಲಿದ್ದವಳು ಗೋವಿನಕೋವಿಯ ಶಿವಲೀಲಾ. ಮೂರು ದಿನದಲ್ಲಿ ಇಡೀ ಭವನಕ್ಕೆ ಬೇಕಾದವಳಾಗಿದ್ದಳು. ಅವಳು ಗದ್ದ ಎತ್ತಿ ಎದುರು ಗೋಡೆ ತೋರಿಸಿದಳು. ಯಾವುದೋ ಹಳೆಯ ಕಾರ್ಯಕ್ರಮದ ಬಣ್ಣದ ಅಕ್ಷರಗಳು ಅಲ್ಲಿದ್ದವು: ಪ್ರಾಮಾಣಿಕತೆ, ಸೇವೆ, ಶಿಸ್ತು.

"ಇಳಿಸ್ಕೊಳ್ಳೇ ಸುಮ್ನೆ. ಪರೀಕ್ಷೆನಾಗೆ ಹಿಂಗೆ ಗೋಡೆ ಮ್ಯಾಲೆ ಬರ್ದಿದ್ರೆ ನಾನು ಇವತ್ತು ತಹಶೀಲ್ದಾರಳಾಗಿ ಇರ್ತಿದ್ದೆ."

ಹೊನ್ನೂರಮ್ಮ ಇಳಿಸಿಕೊಂಡಳು.

ಮೇಡಂ ಚೀಟಿಗಳನ್ನು ಒಂದೊಂದಾಗಿ ಓದುತ್ತ ಹೋದರು. ಇಪ್ಪತ್ತೊಂಬತ್ತು ಚೀಟಿಗಳಲ್ಲಿ ಪ್ರಾಮಾಣಿಕತೆಯೇ ಮೊದಲಿತ್ತು. ಅವರು ನಕ್ಕರು. ಆ ನಗುವಿನಲ್ಲಿ ಕೊಂಕು ಇದೆಯೇ ಎಂದು ಹೊನ್ನೂರಮ್ಮ ಹುಡುಕಿದಳು, ಸಿಗಲಿಲ್ಲ. ಚೀಟಿಗಳನ್ನೆಲ್ಲ ಬುಟ್ಟಿಗೆ ಹಾಕಿ ಮೇಡಂ ಹೊಸ ಚೀಟಿ ಹಂಚಿದರು.

"ಗೋಡೆ ಬಿಡ್ರಿ ಈಗ. ಈ ಕೆಲಸದಾಗೆ ನಿಮಗೆ ನಿಮ್ಮ ಮ್ಯಾಲೇ ಬೇಸರ ಬಂದ ಒಂದು ದಿನ ನೆನೆಸ್ಕೊಳ್ರಿ. ಅವತ್ತು ಏನು ಕೈಬಿಟ್ಟಿದ್ರಿ, ಅದೇ ನಿಮ್ಮ ಮೌಲ್ಯ. ನಿಮ್ಮ ಮಾತಿನಾಗೇ ಬರೀರಿ. ನನಗೆ ತೋರ್ಸೋದು ಬ್ಯಾಡ."

ಹಾಗೆ ಹೇಳುತ್ತ ಅವರು ಹೊನ್ನೂರಮ್ಮನ ಕುರ್ಚಿಯ ಪಕ್ಕ ಹಾದುಹೋದರು. ಸ್ವಲ್ಪ ಹೊತ್ತಿಗೆ ಮತ್ತೆ ಹಾದುಹೋದರು. ಇವರಿಗೆ ಯಾರು ಹೇಳಿರಬಹುದು ಎಂದು ಅವಳು ಯೋಚಿಸತೊಡಗಿದಳು. ಹೇಳಲು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವಳು ಅವಳೊಬ್ಬಳೇ.

ಅದು ಒಂದು ತಿಂಗಳ ಹಿಂದಿನ ಮಾತು, ದೀಪಾವಳಿ ಕಳೆದ ಎಂಟನೆಯ ದಿನ. ಜುಂಜಪ್ಪನ ರೊಪ್ಪದಲ್ಲಿ, ಮುಳ್ಳುಬೇಲಿಯ ಕುರಿದೊಡ್ಡಿಯಲ್ಲಿ, ನೂರಾ ನಲವತ್ತು ಕುರಿಗಳಿದ್ದವು. ಜುಂಜಪ್ಪ ಎಪ್ಪತ್ತರ ಕುರಿಗಾರ. ಸೂಜಿ ಚುಚ್ಚಿಸಿದರೆ ಗಬ್ಬದ ಕುರಿಗಳು ಕಂದು ಹಾಕುತ್ತವೆ ಎಂದು ನಂಬಿದವನು. ಮೊದಲ ವರ್ಷ ಹೊನ್ನೂರಮ್ಮ ಹೋದಾಗ ಕಟ್ಟಿದ ನಾಯಿ ಬಿಚ್ಚಿದ್ದ. ಎರಡನೆಯ ವರ್ಷ ನಾಯಿ ಬಿಚ್ಚಲಿಲ್ಲ, ಮಾತೂ ಆಡಲಿಲ್ಲ. ಮೂರನೆಯ ವರ್ಷ ಕುಂಟುತ್ತಿದ್ದ ಒಂದು ಟಗರಿನ ಗೊರಸು ತೋರಿಸಿದ. ನಾಲ್ಕನೆಯ ವರ್ಷ ಬಾ ಎಂದ.

ಅವಳು ಬೆಳಿಗ್ಗೆ ಒಂಬತ್ತಕ್ಕೆ ಐಸ್ ಪೆಟ್ಟಿಗೆ ಹೊತ್ತು ಹೋದಾಗ ರೊಪ್ಪದ ಮುಳ್ಳಿನ ಬಾಗಿಲು ಹಾಕಿತ್ತು. ಆ ಹಂಗಾಮಿನ ಮೊದಲ ಮರಿ ಅಂದೇ ಹುಟ್ಟಿತ್ತು. ಮೊದಲ ಮರಿಯ ಗಿಣ್ಣು ಹಾಲನ್ನು ದೇವರ ಕಲ್ಲಿಗೆ ಎರೆಯುವ ತನಕ ಹೊರಗಿನವರು ರೊಪ್ಪದೊಳಗೆ ಕಾಲಿಡಬಾರದು, ಅದು ಆ ಮನೆಯ ಕಟ್ಟು. ಎರೆಯಬೇಕಾದವನು ಹಿರಿಯ ಮಗ ನಿಂಗರಾಜ್. ಅವನು ಬೈಕ್ ರಿಪೇರಿಗೆಂದು ಜಗಳೂರಿಗೆ ಹೋಗಿದ್ದ. ಈಗ ಬರುತ್ತಾನೆ ಎಂದರು. ಬಂದದ್ದು ಮಧ್ಯಾಹ್ನ ಎರಡಕ್ಕೆ.

ಅಷ್ಟು ಹೊತ್ತೂ ಅವಳು ಜಾಲಿ ಮರದ ಕೆಳಗೆ ಕೂತಿದ್ದಳು. ಜಾಲಿಯ ನೆರಳೆಂದರೆ ಜರಡಿಯ ನೆರಳು. ಅದು ಸರಿದಂತೆ ಪೆಟ್ಟಿಗೆಯನ್ನೂ ಸರಿಸುತ್ತಿದ್ದಳು. ಅದರ ಮುಚ್ಚಳ ಮೊದಲೇ ಸಡಿಲವಾಗಿತ್ತು. ಐಸ್ ಹೇಗಿದೆಯೋ ಎಂಬ ಅಂಜಿಕೆಯಿಂದ ಮುಚ್ಚಳ ತೆಗೆದು ನೋಡಿದಳು. ಹಾಗೆ ತೆಗೆದು ನೋಡಿದಷ್ಟೂ ಬಿಸಿ ಒಳಗೆ ಹೋಯಿತು. ಕೊನೆಗೆ ನೀಲಿ ಐಸ್ ಪ್ಯಾಕನ್ನು ಎತ್ತಿ ಅಲುಗಿಸಿದರೆ ಒಳಗೆ ನೀರು ಗುಳುಗುಳು ಎಂದಿತು. ಲಸಿಕೆಯ ಬಾಟಲಿಗಳು ಬೆಚ್ಚಗಾಗಿದ್ದವು. ಬೆಚ್ಚಗಾದ ಲಸಿಕೆ ಹಾಕಬಾರದು ಎಂದು ಮೊದಲ ತರಬೇತಿಯಲ್ಲೇ ಕಲಿಸಿದ್ದರು.

ವಾಪಸು ಹೋಗುತ್ತೇನೆ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ನಾಲ್ಕು ವರ್ಷದಲ್ಲಿ ಮೊದಲ ಸಲ ತೆರೆದ ಬಾಗಿಲು ಅದು. ನಿಂಗರಾಜ್ ಗಿಣ್ಣು ಎರೆದು ಮುಳ್ಳು ಸರಿಸಿದ. ಅವಳು ಒಳಗೆ ಹೋಗಿ ನೂರಾ ನಲವತ್ತಕ್ಕೂ ಚುಚ್ಚಿದಳು. ಚುಚ್ಚಿದ ಪ್ರತಿ ಕುರಿಯ ಹಣೆಗೆ ಕೆಂಪು ಬಣ್ಣ ಹಚ್ಚಿದಳು. ಆಸ್ಪತ್ರೆಯ ಫಾರಂನಲ್ಲಿ ಮುಗಿದಿದೆ ಎಂದು ಬರೆದಳು. ಆಮೇಲೆ ಮಗಳು ಶಾಲೆಗೆ ಒಯ್ಯುವ ನೀರಿನ ಬಾಟಲಿ ಅಲುಗಿದಾಗಲೆಲ್ಲ ಅವಳ ಕೈ ಒಂದು ಕ್ಷಣ ನಿಲ್ಲುತ್ತಿತ್ತು.

ಆ ದಿನವನ್ನು ಈಗ ಚೀಟಿಯಲ್ಲಿ ಬರೆಯುವುದೇ? ಅವಳು ಖಾಲಿ ಚೀಟಿಯನ್ನು ಮಡಚಿ ರವಿಕೆಯೊಳಗೆ ಇಟ್ಟುಕೊಂಡಳು.

ಊಟದ ಹೊತ್ತಿನಲ್ಲಿ ಶಿವಲೀಲಾ ಚಿತ್ರಾನ್ನ ಕಲಸುತ್ತ ತಮ್ಮ ಕಡೆಯ ಸುದ್ದಿ ಹೇಳುತ್ತಿದ್ದಳು. ಭತ್ತ ಕೊಯ್ದ ಗದ್ದೆಗಳಿಗೆ ಕುರಿ ಮಂದೆಗಳು ಬರಲು ಶುರುವಾಗಿವೆಯಂತೆ. ಅದರಲ್ಲಿ ಒಂದು ಮಂದೆಯ ಕುರಿಗಳು ಮೂಗು ಬಾಯಿ ಸುರಿಸಿಕೊಂಡು ನಿಂತಿವೆಯಂತೆ, ಏಳೆಂಟು ಸತ್ತಿವೆಯಂತೆ. ಏನು ಬೇನೆಯೋ ಇನ್ನೂ ಗೊತ್ತಿಲ್ಲ.

ಹೊನ್ನೂರಮ್ಮ ತಟ್ಟೆ ಕೆಳಗಿಟ್ಟಳು. ಅವಳು ಹಾಕಿದ್ದ ಲಸಿಕೆ ತಡೆಯಬೇಕಾದ ಬೇನೆಯ ಲಕ್ಷಣವೂ ಅದೇ. ಜುಂಜಪ್ಪನ ಮಂದೆ ಪ್ರತಿ ವರ್ಷ ಹೋಗಿ ತಂಗುವುದು ಗೋವಿನಕೋವಿಯ ಗದ್ದೆಗಳಲ್ಲೇ. ಸೋಮವಾರ ಹೊರಡುವುದಿತ್ತು. ಲಸಿಕೆ ಹಾಕಿಸಿದ್ದೇವೆ ಎಂಬ ಧೈರ್ಯದಲ್ಲಿ ಈ ಸಲ ಆತ ಬೇನೆ ಬಂದ ಮಂದೆಯ ಪಕ್ಕದಲ್ಲೂ ನಿಲ್ಲಿಸಬಹುದು.

"ಯಾಕೇ, ಉಪ್ಪು ಜಾಸ್ತಿ ಆತಾ?" ಎಂದಳು ಶಿವಲೀಲಾ.

ಸಂಜೆಯ ಬಸ್ಸು ಸಂತೇಬೆನ್ನೂರು ದಾಟುವಾಗ ರಸ್ತೆಯ ಅರ್ಧಭಾಗಕ್ಕೆ ಮೆಕ್ಕೆಜೋಳ ಹರವಿದ್ದರು. ಬಸ್ಸು ನಿಧಾನವಾಯಿತು. ಹೊನ್ನೂರಮ್ಮ ಚೀಟಿ ತೆಗೆದು ಸೀಟಿನ ಹಿಂಬದಿಯ ಮೇಲಿಟ್ಟು ಬರೆದಳು. ಒಂದೇ ಸಾಲು. ಬಸ್ಸಿನ ಕುಲುಕಾಟಕ್ಕೆ ಅಕ್ಷರಗಳು ಸೊಟ್ಟಗಾದವು: ಐಸ್ ಕರಗಿದರೆ ಹೇಳಬೇಕು. ಇದು ಮೌಲ್ಯವೋ ಅಲ್ಲವೋ ಅವಳಿಗೆ ಖಾತ್ರಿಯಿರಲಿಲ್ಲ. ಗೋಡೆಯ ಮೇಲಂತೂ ಇರಲಿಲ್ಲ.

ಮನೆಯಲ್ಲಿ ಅತ್ತೆ ದ್ಯಾಮಮ್ಮನಿಗೆ ಎಲ್ಲವನ್ನೂ ಹೇಳಿದಳು. ದ್ಯಾಮಮ್ಮ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. ಕೇಳದವರ ಹತ್ತಿರ ಹೋಗಿ ಹೇಳಿದರೆ ಇನ್ನೂ ಏನೋ ಮುಚ್ಚಿಡುತ್ತಿದ್ದಾಳೆ ಎಂದೇ ಊರು ತಿಳಿಯುತ್ತದೆ, ಕುರಿಗಳಿಗೆ ಏನಾದರೂ ಆದರೆ ಬೇನೆಯ ಮೇಲೆ ಹಾಕಬಹುದಿತ್ತು, ಇನ್ನು ಮುಂದೆ ಎಲ್ಲವೂ ನಿನ್ನ ಮೇಲೆ ಬರುತ್ತದೆ ಎಂದಳು. ತವೆಯ ಮೇಲಿನ ರೊಟ್ಟಿ ತಿರುವಿದ ಮೇಲೆ ಒಂದು ಮಾತು ಸೇರಿಸಿದಳು.

"ಹೋಗೋದಾದ್ರೆ ಉಂಡು ಹೋಗು. ಅವ್ನು ನೀರು ಸಹಿತ ಕೊಡಾಕಿಲ್ಲ."

ಮರುದಿನ ಆಸ್ಪತ್ರೆಯಲ್ಲಿ ಎಲ್ಲವನ್ನೂ ಹೇಳಿ ಮತ್ತೆ ಲಸಿಕೆ ಕೇಳಿದಾಗ ರೇಣುಕಪ್ರಸಾದ್ ಸಾಹೇಬರಿಗೂ ಅನುಮಾನವೇ ಬಂತು. ಲಸಿಕೆ ಕೊಡುವವರು ಅವರೇ. ಮೊದಲಿನ ಬಾಟಲಿಗಳು ಎಲ್ಲಿಗೆ ಹೋದವು, ನಿಜವಾಗಿ ಕುರಿಗೇ ಹೋದವೇ ಎಂದು ಕೇಳಿದರು. ಹೊನ್ನೂರಮ್ಮ ಚೀಲದಿಂದ ಎರಡು ಖಾಲಿ ಬಾಟಲಿಗಳನ್ನು ತೆಗೆದು ಮೇಜಿನ ಮೇಲಿಟ್ಟಳು. ಎಸೆಯಲು ಮನಸ್ಸಾಗದೆ ಒಂದು ತಿಂಗಳಿನಿಂದ ಅವನ್ನು ಅಕ್ಕಿ ಡಬ್ಬಿಯ ಹಿಂದೆ ಇಟ್ಟಿದ್ದಳು. ಸಾಹೇಬರು ಬಾಟಲಿಯ ಮೇಲಿನ ಚೀಟಿಯನ್ನೂ ಅವಳ ಮುಖವನ್ನೂ ನೋಡಿದರು. ಎರಡನೆಯ ಸಲ ಹಾಕಿದರೆ ಕುರಿಗೆ ತೊಂದರೆಯಿಲ್ಲ ಎಂದರು. ಮುಚ್ಚಳ ಬಿಗಿಯಾಗಿ ಕೂರುವ ಬೇರೆ ಪೆಟ್ಟಿಗೆ ಕೊಟ್ಟರು. ಜುಂಜಪ್ಪ ಬೇಡ ಎಂದರೆ ಮಧ್ಯಾಹ್ನ ಹನ್ನೆರಡರೊಳಗೆ ವಾಪಸು ತರಬೇಕು, ಮುಂದಿನ ಸಲದಿಂದ ಅವಳ ಜೊತೆ ಇನ್ನೊಬ್ಬರು ಬರುತ್ತಾರೆ ಎಂದೂ ಹೇಳಿದರು. ಆ ಮಾತು ಅವಳಿಗೆ ಚುಚ್ಚಿತು.

ಜುಂಜಪ್ಪ ರೊಪ್ಪದ ಮುಂದೆ ಕೂತು ಕದರು ತಿರುಗಿಸುತ್ತ ಉಣ್ಣೆ ನೂಲುತ್ತಿದ್ದ. ಸೋಮವಾರದ ಪಯಣಕ್ಕೆ ನಿಂಗರಾಜ್ ಬಲೆ, ಗೂಟ ಕಟ್ಟುತ್ತಿದ್ದ. ಹೊನ್ನೂರಮ್ಮ ಪೆಟ್ಟಿಗೆ ಕೆಳಗಿಟ್ಟು ನಿಂತೇ ಹೇಳಿದಳು.

"ಮಾವ, ಅವತ್ತು ನಾನು ಹಾಕಿದ ಸೂಜಿ ಕೆಟ್ಟಿತ್ತು. ಐಸ್ ಕರಗಿತ್ತು. ಗೊತ್ತಿದ್ದೂ ಹಾಕಿದೆ. ಗೋವಿನಕೋವಿ ಕಡೆ ಬೇನೆ ಐತಂತೆ, ಸೂಜಿ ಕೆಲಸ ಮಾಡೈತೆ ಅಂತ ನಂಬ್ಕೊಂಡು ನೀವು ಆ ಕಡಿಗೆ ಹೋಗಬ್ಯಾಡ್ರಿ."

ಕದರು ನಿಂತಿತು.

"ಯಾರು ಕಳ್ಸಿದ್ರು ನಿನ್ನ?"

"ಯಾರೂ ಕಳ್ಸಿಲ್ಲ."

"ಯಾರೂ ಕಳಿಸ್ದೆ ಬಂದು ನಾನು ತಪ್ಪು ಮಾಡೀನಿ ಅಂತ ಯಾರಾರ ಹೇಳ್ತಾರೇನವ್ವ? ಇಷ್ಟು ವಯಸ್ಸಾತು, ನಾನು ನೋಡಿಲ್ಲ."

ನಿಂಗರಾಜ್ ಗೂಟ ಬಿಟ್ಟು ಎದ್ದು ಬಂದ. ಇನ್ನೊಂದು ಸಲ ಚುಚ್ಚಿದರೆ ಅವಳ ಕೆಲಸ ಎರಡು ಸಲ ಮಾಡಿದಂತೆ ತೋರಿಸಲು ಬರುತ್ತದೆಯೇ ಎಂದು ಕೇಳಿದ. ಹೊಸ ಔಷಧಿಯನ್ನು ಯಾರದಾದರೂ ಕುರಿಗಳ ಮೇಲೆ ಪರೀಕ್ಷೆ ಮಾಡಬೇಕಿದೆಯೇನೋ ಎಂದ. ಪೆಟ್ಟಿಗೆ ಬೇರೆಯದು ಎಂಬುದನ್ನೂ ಗಮನಿಸಿದ್ದ. ಹೊನ್ನೂರಮ್ಮ ಒಂದೊಂದಕ್ಕೂ ಅಲ್ಲ ಎಂದಳು. ಹೇಳುತ್ತಿದ್ದಂತೆ ಅವಳಿಗೇ ಆ ಉತ್ತರ ಸುಳ್ಳಿನಂತೆ ಕೇಳಿಸಿತು.

ಜುಂಜಪ್ಪ ಮಗನನ್ನು ಕೈಸನ್ನೆಯಲ್ಲಿ ಸುಮ್ಮನಿರಿಸಿದ.

"ಅವತ್ತೇ ಯಾಕೆ ಹೇಳ್ಲಿಲ್ಲ?"

"ನೀವು ಮತ್ತೆ ಕರಿಯಾಕಿಲ್ಲ ಅಂತ."

"ಈಗ ಕರೀತೀನಿ ಅಂದ್ಕೊಂಡ್ಯಾ?"

"ಇಲ್ಲ."

ಜುಂಜಪ್ಪ ಅವಳ ಮುಖ ನೋಡಿದ. ಕುರಿ ಕೊಳ್ಳುವಾಗ ಬಾಯಿ ಬಿಡಿಸಿ ಹಲ್ಲು ನೋಡುವವನ ನೋಟ ಅದು. ರೊಪ್ಪದೊಳಗೆ ಅದೇ ಮೊದಲ ಮರಿ, ಈಗ ತಿಂಗಳಿನದು, ತಾಯಿಯ ಹೊಟ್ಟೆಗೆ ತಲೆಯಿಂದ ಗುದ್ದುತ್ತಿತ್ತು.

"ಪೆಟ್ಟಿಗೆ ತೆಗಿ," ಎಂದ.

ಅವಳು ತೆಗೆದಳು. ಆತ ಕೈ ಹಾಕಿ ಒಂದು ಪ್ಯಾಕನ್ನು ಹೊರತೆಗೆದ. ತಣ್ಣಗಿರುವುದು ಮಾತ್ರ ಸಾಕಾಗಲಿಲ್ಲ. ಕಿವಿಯ ಹತ್ತಿರ ಹಿಡಿದು ಅಲುಗಿಸಿದ. ಕಲ್ಲಿನಂತೆ ಗಟ್ಟಿ, ಸದ್ದಿಲ್ಲ.

"ಅವತ್ತು ಇದು ಹೆಂಗೆ ಅಂತಿತ್ತು?"

ಹೊನ್ನೂರಮ್ಮ ಚೀಲದಿಂದ ತನ್ನ ನೀರಿನ ಬಾಟಲಿ ತೆಗೆದು, ಅವನ ಕಿವಿಯ ಹತ್ತಿರ ಅಲುಗಿಸಿದಳು. ಗುಳುಗುಳು. ಜುಂಜಪ್ಪ ಕಣ್ಣು ಮುಚ್ಚಿ ಕೇಳಿದ. ಇನ್ನೊಂದು ಸಲ ಎಂದು ಬೆರಳು ಆಡಿಸಿದ. ಅವಳು ಇನ್ನೊಂದು ಸಲ ಅಲುಗಿಸಿದಳು. ಆಮೇಲೆ ಆತ ಪ್ಯಾಕನ್ನು ಪೆಟ್ಟಿಗೆಯೊಳಗೆ ಇಟ್ಟು, ತಾನೇ ಮುಚ್ಚಳ ಹಾಕಿ, ಮುಳ್ಳು ಸರಿಸಿದ. ಅಂದು ಕುರಿಗಳನ್ನು ಹಿಡಿದುಕೊಟ್ಟವನು ನಿಂಗರಾಜ್ ಅಲ್ಲ, ಜುಂಜಪ್ಪನೇ. ಪ್ರತಿ ಐದು ಕುರಿಗೊಮ್ಮೆ ಪೆಟ್ಟಿಗೆ ತೆಗೆಸಿ ಪ್ಯಾಕ್ ಅಲುಗಿಸಿ ನೋಡಿದ. ಹಾಗೆ ತೆಗೆದರೆ ಬಿಸಿ ಒಳಗೆ ಹೋಗುತ್ತದೆ ಎಂದು ಅವಳು ಹೇಳಿದ ಮೇಲೆ ಇಪ್ಪತ್ತಕ್ಕೊಮ್ಮೆ ಎಂದು ಒಪ್ಪಿಕೊಂಡ. ಮುಗಿದ ಮೇಲೆ ನೀರು ಕೊಡಲಿಲ್ಲ. ದ್ಯಾಮಮ್ಮ ಹೇಳಿದ್ದು ಸರಿಯಿತ್ತು.

ಸೋಮವಾರ ಮಂದೆ ಗೋವಿನಕೋವಿಯ ಕಡೆಗೇ ಹೊರಟಿತು, ಬೇನೆ ಬಂದ ಮಂದೆಯಿಂದ ದೂರ ನಿಲ್ಲಿಸುತ್ತೇನೆ ಎಂದಿದ್ದ ಜುಂಜಪ್ಪ. ಊರಿನಲ್ಲಿ ಸುದ್ದಿ ಅದಕ್ಕಿಂತ ಮೊದಲೇ ಹೊರಟಿತ್ತು. ಮೂರು ರೊಪ್ಪದವರು ಅವಳನ್ನು ಒಳಗೆ ಬಿಡುವುದಿಲ್ಲ ಎಂದರು. ಇಬ್ಬರಂತೂ ಹಿಂದಿನ ವರ್ಷ ಸತ್ತ ಮರಿಗಳನ್ನೂ ಅವಳ ತಲೆಗೆ ಕಟ್ಟಿದರು. ಕಟ್ಟೆಯ ಮೇಲೆ ಕೂರುವ ಹುಡುಗರು ನೀರ್ ಸೂಜಿ ಎಂದು ಹೆಸರಿಟ್ಟರು. ಹೊಸ ಪೆಟ್ಟಿಗೆಯ ಮುಚ್ಚಳದ ಒಳಭಾಗಕ್ಕೆ ಅವಳು ಬಸ್ಸಿನಲ್ಲಿ ಬರೆದ ಹಳದಿ ಚೀಟಿ ಅಂಟಿಸಿದಳು. ಯಾರ ಬಾಗಿಲಿಗೆ ಹೋದರೂ ಕ್ಷೇಮ ಕೇಳುವ ಮೊದಲು ಪ್ಯಾಕ್ ತೆಗೆದು ಅವರ ಕೈಗೆ ಕೊಡುವುದನ್ನು ರೂಢಿ ಮಾಡಿಕೊಂಡಳು. ಕೆಲವರು ನಕ್ಕರು. ಎಲ್ಲರೂ ಅಲುಗಿಸಿದರು. ಒಂದು ದಿನ ಅರ್ಧ ದಾರಿಯಲ್ಲೇ ಒಳಗಿನ ಸದ್ದು ಕೇಳಿ ಯಾರ ಬಾಗಿಲಿಗೂ ಹೋಗದೆ ತಿರುಗಿ ಬಂದಳು.

ಗೋವಿನಕೋವಿ ಕಡೆಯ ಬೇನೆ ಏನೆಂದು ಕೊನೆಗೂ ಖಚಿತವಾಗಲಿಲ್ಲ. ಜುಂಜಪ್ಪನ ಕುರಿಗಳು ಬೇಸಿಗೆಯಲ್ಲಿ ಮೈ ತುಂಬಿಕೊಂಡು ವಾಪಸು ಬಂದವು. ಅದು ಮೊದಲ ಸೂಜಿಯಿಂದಲೋ, ಎರಡನೆಯದರಿಂದಲೋ, ಬೇನೆ ಹತ್ತಿರ ಬರಲೇ ಇಲ್ಲವೋ ಯಾರೂ ಹೇಳಲಾರರು.

ಈ ಸಲ ದೀಪಾವಳಿ ಕಳೆದು ವಾರವಾಗಿತ್ತು. ಬೆಳಿಗ್ಗೆ ನಿಂಗರಾಜ್ ಬೈಕಿನಲ್ಲಿ ಬಂದು ಬಾಗಿಲ ಹೊರಗೇ ನಿಂತ. ಮೊದಲ ಮರಿ ನಿನ್ನೆ ಹುಟ್ಟಿದೆ, ಗಿಣ್ಣು ಎರೆದಾಗಿದೆ, ಇನ್ನು ಯಾರೂ ಕಾಯಬೇಕಿಲ್ಲ, ಪೆಟ್ಟಿಗೆ ತರಬೇಕಂತೆ ಎಂದು ಅಪ್ಪನ ಮಾತನ್ನು ಒಪ್ಪಿಸಿ ಹೋದ. ಹೊನ್ನೂರಮ್ಮ ಆಸ್ಪತ್ರೆಗೆ ಹೋಗಿ ಲಸಿಕೆ ತೆಗೆದುಕೊಂಡು, ಜೊತೆಗೆ ಬರಬೇಕಾದವರನ್ನೂ ಕರೆದುಕೊಂಡು ಹೋದಳು. ಮುಳ್ಳಿನ ಬಾಗಿಲು ಆಗಲೇ ಸರಿದಿತ್ತು. ಅವಳು ಪ್ಯಾಕ್ ತೆಗೆದು ಚಾಚುವ ಮೊದಲೇ ಜುಂಜಪ್ಪ ಕೈ ನೀಡಿ, ಅದನ್ನು ಕಿವಿಗೆ ಹಿಡಿದು ಅಲುಗಿಸಿದ.