ಹಲಸಿನಮರ ಎಂಬ ಊರು

ಶಾಲೆಯಲ್ಲಿ ನಾನು ಮೇಷ್ಟರಾಗಿರಲಿಲ್ಲ. ಕಂಪ್ಯೂಟರ್ ಕೋಣೆಯ ಬೀಗ ತೆಗೆದು ಧೂಳು ಒರೆಸುವ ಅಟೆಂಡರ್ ಆಗಿದ್ದೆ. ಓದಿದ್ದು ಹತ್ತನೇ ತರಗತಿ. ನಿವೃತ್ತನಾದ ಮೇಲೆ ಕೇಣಿಚಿರದ ಒಂದು ಫೋಟೋಸ್ಟಾಟ್ ಅಂಗಡಿಯ ಮೂಲೆಯಲ್ಲಿ ಕುಳಿತು ಅರ್ಜಿ ಬರೆದುಕೊಡತೊಡಗಿದಾಗ ಜನ 'ಮಾಷೆ' ಎಂದು ಕರೆದರು. ಮಲಯಾಳದಲ್ಲಿ ಮೇಷ್ಟರನ್ನು ಕರೆಯುವುದು ಹಾಗೆ. ನಾನು ತಿದ್ದಲಿಲ್ಲ. ಆ ಹೆಸರು ನನಗೆ ರುಚಿಸಿತ್ತು.

ಶಾಲೆಯವರು ಬೇಡವೆಂದು ಬಿಟ್ಟ ಹಳೆಯ ಕಂಪ್ಯೂಟರನ್ನು ನಾನು ತಂದುಕೊಂಡಿದ್ದೆ. ಅದರಲ್ಲಿ 'ಆಕ್' ಎಂಬ ಸಣ್ಣ ಪ್ರೋಗ್ರಾಮ್ ಇದೆ. ಅದನ್ನಿಟ್ಟುಕೊಂಡು ಶಾಲೆಯ ಟೀಚರೊಬ್ಬರು ನೂರಾರು ಪೋಷಕರಿಗೆ ಒಂದೇ ಏಟಿಗೆ ಪತ್ರ ತಯಾರಿಸುವುದನ್ನು ಪಕ್ಕದಲ್ಲಿ ನಿಂತು ನೋಡಿ ಕಲಿತಿದ್ದೆ. ಒಂದು ಫೈಲಿನಲ್ಲಿ ಪತ್ರದ ಮಾದರಿ. ಹೆಸರು ಬರಬೇಕಾದಲ್ಲಿ @ಹೆಸರು@, ಊರು ಬರಬೇಕಾದಲ್ಲಿ @ಊರು@ ಎಂದು ಗುರುತು. ಇನ್ನೊಂದು ಫೈಲಿನಲ್ಲಿ ಪಟ್ಟಿ, ಒಬ್ಬರಿಗೆ ಒಂದು ಸಾಲು. ಆಕ್ ಪ್ರತಿ ಸಾಲನ್ನೂ ಜಾಗ ಬಿಟ್ಟಲ್ಲೆಲ್ಲ ತುಂಡು ಮಾಡಿ, ಒಂದೊಂದು ತುಂಡನ್ನು ಒಂದೊಂದು ಗುರುತಿನಲ್ಲಿ ಕೂರಿಸುತ್ತದೆ. ಅದಕ್ಕೆ ಅರ್ಥ ಗೊತ್ತಿಲ್ಲ, ಎಣಿಕೆ ಮಾತ್ರ ಗೊತ್ತು. ಇದು ನನಗೆ ಚೆನ್ನಾಗಿ ತಿಳಿದಿತ್ತು. ಸಿಟ್ಟು ಬರುವುದು ಅದಕ್ಕೇ.

ಎರಡು ವರ್ಷದ ಹಿಂದೆ ನಮ್ಮ ಕಾಡಂಚಿಗೆ ಆನೆ ಬೇಲಿ ಬರುತ್ತದೆಂದಾಯಿತು. ಬೇಲಿಯ ಒಳಗೆ ಸೇರಬೇಕಾದ ಮನೆಯವರು ಹೆಸರು, ಇನಿಶಿಯಲ್, ಊರು, ಮನೆಯ ಗಡಿಗುರುತು ಬರೆದು ಅರ್ಜಿ ಕೊಡಬೇಕು. ಕರ್ನಾಟಕದಿಂದ ಬಂದು ನೆಲೆಸಿದ ನಮ್ಮ ರೈತರು ಸಾಲುಗಟ್ಟಿ ಬಂದರು. ಕೊನೆಗೆ ಕಾಡಿನ ಆದಿವಾಸಿ ಹಾಡಿಯಿಂದ ನನ್ನ ವಯಸ್ಸಿನ ಹೆಂಗಸೊಬ್ಬಳು ಬಂದಳು. ಹಾಡಿಯ ಹನ್ನೊಂದು ಮನೆಗೂ ಹಿರಿಯಳು ಅವಳೇ. ಕಾಗದ ನೋಡದೆ, ಬೆರಳು ಮಡಚುತ್ತ ಹನ್ನೊಂದು ಹೆಸರನ್ನೂ ಗಡಿಯನ್ನೂ ಹೇಳಿದಳು. ಅವಳ ಮನೆಗೆ ಹಲಸಿನ ಮರ ಗಡಿ.

"ಇನಿಶಿಯಲ್ ಏನಕ್ಕ?" ಎಂದೆ.

"ನಮ್ಗೆ ಒಂದೇ ಹೆಸ್ರು ಮಾಷೆ. ಬಾಲ ಎಲ್ಲ ನಿಮ್ಗೆ."

ನಕ್ಕೆ. ನಕ್ಕು, ಇನಿಶಿಯಲ್ ಬಿಟ್ಟು ಟೈಪ್ ಮಾಡಿದೆ. 'ಹಲಸಿನ ಮರ' ಎರಡು ತುಂಡಾಗಬಾರದೆಂದು 'ಹಲಸಿನಮರ' ಎಂದು ಕೂಡಿಸಿ ಹೊಡೆಯುವಷ್ಟು ಜಾಣತನ ನನಗಿತ್ತು. ಇನಿಶಿಯಲ್ ಇಲ್ಲದ ಸಾಲಿನಲ್ಲಿ ಒಂದು ತುಂಡು ಕಡಿಮೆಯಾಗಿ, ಮುಂದಿನದೆಲ್ಲ ಒಂದೊಂದು ಹೆಜ್ಜೆ ಹಿಂದೆ ಜಾರುತ್ತದೆಂದು ಹೊಳೆಯಲಿಲ್ಲ. ಮೇಲಿನ ನಾಲ್ಕು ಪ್ರಿಂಟು ನೋಡಿದೆ. ನಾಲ್ಕೂ ರೈತರವು, ನಾಲ್ಕೂ ಸರಿ. ಉಳಿದದ್ದನ್ನು ನೋಡದೆ ಕಟ್ಟಿಕೊಟ್ಟೆ. ಹನ್ನೊಂದು ಜನ ಹೆಬ್ಬೆಟ್ಟು ಒತ್ತಿದರು. ಓದಿ ಹೇಳಿ ಎಂದು ಯಾರೂ ಕೇಳಲಿಲ್ಲ. ಮೇಷ್ಟರು ಬರೆದದ್ದಲ್ಲವೇ.

ಬೇಲಿ ಬಂತು. ಹಾಡಿಯ ಹನ್ನೊಂದು ಮನೆಯನ್ನೂ ಆನೆಯ ಕಡೆಗೆ ಬಿಟ್ಟು ಬಂತು.

ಅವಳು ಅಂಗಡಿಗೆ ಬಂದು ತನ್ನ ಅರ್ಜಿಯ ನಕಲನ್ನು ಮೇಜಿನ ಮೇಲಿಟ್ಟಳು. "ನಾವು ಆನೆ ಕೂಡೆ ಆದೊ. ಆಫೀಸಲ್ಲಿ ಕಡಲಾಸು ಸರಿ ಇಲ್ಲ ಅಂತಾರೆ. ಎಂತ ಬರ್ದೆ ಮಾಷೆ?"

ಓದಿದೆ. ಇನಿಶಿಯಲ್ ಇರಬೇಕಾದಲ್ಲಿ ಹಾಡಿಯ ಹೆಸರು. 'ಹಲಸಿನಮರ ಎಂಬ ಊರಿನಲ್ಲಿ ವಾಸವಾಗಿರುವ ನಾನು.' ಗಡಿಗುರುತು ಎಂಬಲ್ಲಿ ಏನೂ ಇಲ್ಲ. ಇನಿಶಿಯಲ್ ಇಲ್ಲದ ಹನ್ನೊಂದು ಅರ್ಜಿಯಲ್ಲೂ ಅಲ್ಲಿ ಬಿಳಿ ಜಾಗವೇ. ಅದನ್ನು ಹಿಡಿದುಕೊಂಡು ಕಂಬ ನೆಟ್ಟವರ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ಕಣ್ಣೆದುರಿಗಿದ್ದ ಮನೆ ಅವರಿಗೆ ಕಾಣಲಿಲ್ಲ, ಕಾಗದದ ಬಿಳಿ ಕಂಡಿತು. ಆದರೆ ಆ ಸಿಟ್ಟಿನ ಹಿಂದೆ ಅಡಗಿ ಕೂರಲು ನನಗೆ ಹಕ್ಕಿಲ್ಲ. ತಪ್ಪು ಎಲ್ಲಾಯಿತೆಂದು ಒಂದೇ ನೋಟಕ್ಕೆ ಗೊತ್ತಾಗಿತ್ತು. ಅಂಗಡಿಯಲ್ಲಿ ನಾಲ್ಕು ಜನ ನಿಂತಿದ್ದರು. ನಾನು ಹೇಳಿದ್ದು ಇಷ್ಟು:

"ನೀನು ಹೇಳಿದ್ದೇ ತಪ್ಪಕ್ಕ. ಮಿಷನ್ ತಪ್ಪು ಮಾಡಲ್ಲ."

ಅವಳು ನನ್ನನ್ನೇ ನೋಡಿದಳು. "ಇರ್ಬೌದು. ವಯಸ್ಸಾಯ್ತು," ಎಂದು ಕಾಗದ ಮಡಚಿಕೊಂಡು ಹೋದಳು. ಹೋಗಿ ಹಾಡಿಯಲ್ಲಿ ತಪ್ಪು ತನ್ನದೆಂದು ಹೇಳಿದಳು. ಮುಂದಿನ ತಿಂಗಳು ಆನೆ ಅವಳ ತಮ್ಮನ ಮನೆಯ ಗೋಡೆ ಬೀಳಿಸಿತು. ಜನ ಬದುಕಿಕೊಂಡರು. ಆದರೆ ತಮ್ಮ ಅವಳೊಂದಿಗೆ ಮಾತು ಬಿಟ್ಟನೆಂದು ಕಲ್ಲೂರಿನ ಕೂಲಿಯವನೊಬ್ಬ ಚಹಾ ಕುಡಿಯುತ್ತ ಹೇಳಿದ. "ಮುದುಕಿಗೆ ತಲೆ ಸರಿ ಇಲ್ಲ ಮಾಷೆ, ಗಡಿ ಹೇಳೋಕೂ ಬರಲ್ಲ."

ಮರುದಿನ ಪಟ್ಟಿ ತೆಗೆದೆ. ತುಂಡುಗಳ ನಡುವೆ ಖಾಲಿ ಜಾಗದ ಬದಲು ಅಲ್ಪವಿರಾಮ ಹಾಕಿದೆ. ಅಲ್ಪವಿರಾಮ ಕಂಡಲ್ಲಿ ಮಾತ್ರ ಕತ್ತರಿಸು ಎಂದು ಆಕ್‌ಗೆ ಹೇಳಿದೆ. ಇನಿಶಿಯಲ್ ಇಲ್ಲದಿದ್ದರೆ ಅದರ ಜಾಗ ಖಾಲಿಯೇ ಉಳಿಯುತ್ತದೆ, ಹಲಸಿನ ಮರ ತನ್ನಲ್ಲೇ ನಿಲ್ಲುತ್ತದೆ. ಹತ್ತು ನಿಮಿಷದ ಕೆಲಸ. ಆ ಹತ್ತು ನಿಮಿಷ ನೆನೆದರೆ ಈಗಲೂ ಮೇಜು ಗುದ್ದುವಷ್ಟು ಕೋಪ ಬರುತ್ತದೆ.

ಹನ್ನೊಂದು ಹೊಸ ಅರ್ಜಿ ಹಿಡಿದು ಹಾಡಿಗೆ ಹೋದೆ. ಬೇಲಿಯ ಗೇಟು ದಾಟಿಯೇ ಹೋಗಬೇಕು. ಅವಳು ಅಂಗಳದಲ್ಲಿ ಕಾಫಿ ಬೀಜ ಹರಡುತ್ತಿದ್ದಳು. ತಪ್ಪು ನನ್ನದೆಂದೆ, ಅಂದೇ ಗೊತ್ತಿತ್ತೆಂದೆ.

ಅವಳು ತಲೆ ಎತ್ತಲಿಲ್ಲ. "ನಂಗ್ಯಾಕೆ ಹೇಳ್ತೀಯ? ನಂಗೆ ಅವತ್ತೇ ಗೊತ್ತು. ಹಲಸಿನ ಮರ ನಾನು ಮರೀತೀನಾ? ಅವ್ನಿಗೆ ಹೇಳು."

ತಮ್ಮ ಎದುರು ಮನೆಯ ಜಗಲಿಯಲ್ಲಿದ್ದ. ಅವನಿಗೂ, ಕೇಳಲು ಬಂದು ಸೇರಿದ ಎಲ್ಲರಿಗೂ ನಿಂತುಕೊಂಡೇ ಹೇಳಿದೆ. ನಾನು ಶಾಲೆಯಲ್ಲಿ ಮೇಷ್ಟರಾಗಿರಲಿಲ್ಲ ಎಂಬುದನ್ನೂ ಹೇಳಿದೆ. ತಮ್ಮ ಎದ್ದು ಬಂದು ಅಕ್ಕನ ಪಕ್ಕ ಕುಳಿತು ಬೀಜದಲ್ಲಿ ಕೈಯಾಡಿಸತೊಡಗಿದ.

"ಈಗ ಓದು," ಎಂದಳು ಅವಳು. "ಹನ್ನೊಂದೂ ಓದು. ಹೆಬ್ಬೆಟ್ಟು ಆಮೇಲೆ."

ಓದಿದೆ. ಅರ್ಜಿ ಹೋಗಿ ಏಳು ತಿಂಗಳಾಯಿತು. ಬೇಲಿ ಇದ್ದಲ್ಲೇ ಇದೆ. ಸಂಜೆ ಆರಕ್ಕೆ ಕಾವಲಿನವನು ಗೇಟಿಗೆ ಬೀಗ ಹಾಕುತ್ತಾನೆ. ಹನ್ನೊಂದು ಮನೆ ಆಚೆ, ನಾನು ಈಚೆ.