ಅಲ್ಲಾಡಬೇಡಿ ಎನ್ನುವ ಮಂತ್ರವಾದಿ

ಸೆಲೂನ್ ಮಾವನಿಗೆ ಆಟದ ಒಂದೇ ಒಂದು ಪುಟ್ಟ ಮಂತ್ರ ಕಲಿಸುವಷ್ಟರಲ್ಲಿ ಅವರ ತಂಗಿಯ ಮಗಳ ಗಂಟಲು ಒಣಗಿಹೋಗಿದೆ. ರಜೆಯ ದಿನ ಅಂಗಡಿಯ ಷಟರ್ ಅರ್ಧ ಎಳೆದು, ಶೇವಿಂಗ್ ನೊರೆಯ ಬಟ್ಟಲಲ್ಲಿ ದಾಳ ಕುಲುಕಿ, ಮರದ ಗೊಂಬೆಗಳನ್ನು ನಡೆಸುತ್ತಾ ಮನೆಮಂದಿ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ರಾಕ್ಷಸರೊಡನೆ ಕಾದಾಡುವ ಆಟ ಆಡುತ್ತಾರೆ; ರಾಕ್ಷಸರನ್ನು ನಡೆಸುವವಳು ಅವಳು, ಮಂತ್ರವಾದಿ ಮಾವ. ಮಂತ್ರವೇನೋ ಸುಲಭದ್ದು: ಕತ್ತಿ ತಾಗಿದವನ ಮೈಗೆ ಸಿಡಿಲು ಸುತ್ತಿಕೊಳ್ಳುತ್ತದೆ, ಅವನು ಹೆಜ್ಜೆ ಕಿತ್ತಿಟ್ಟರೆ ಸಿಡಿಯುತ್ತದೆ, ಆದ್ದರಿಂದ ಹೊಡೆದವರು ಹಿಂದೆ ಸರಿದು, ಅವನು ಅಟ್ಟಿಸಿಕೊಂಡು ಬರುವಂತೆ ಮಾಡಬೇಕು. ಮಾವ "ತಿಳೀತು ಬಿಡು" ಅನ್ನುತ್ತಾರೆ, ದಾಳದ ಮೇಲೆ ಇಲ್ಲದ ಕೂದಲನ್ನು ಊದಿ ಹಾರಿಸುತ್ತಾರೆ, ಸೊಗಸಾಗಿ ಹೊಡೆಯುತ್ತಾರೆ, ಆಮೇಲೆ ಅಲ್ಲೇ ನಿಂತು "ಅಲ್ಲಾಡಬೇಡಿ ಸ್ವಾಮಿ" ಅನ್ನುತ್ತಾರೆ. ತಲೆಯೇ ಇಲ್ಲದ ಭೂತಕ್ಕೂ "ತಲೆ ಸ್ವಲ್ಪ ಬಗ್ಗಿಸಿ" ಅಂದವರು ಅವರು. ರಾಕ್ಷಸ ಅಲ್ಲಾಡದೆ, ನಿಂತಲ್ಲೇ ಅವರನ್ನು ಚಚ್ಚುತ್ತಾನೆ. "ಅವನು ಅಲ್ಲಾಡ್ಬೇಕು ಮಾವ!" ಎಂದು ಅವಳು ಹಣೆ ಚಚ್ಚಿಕೊಂಡರೆ, "ಅಲ್ಲಾಡಿದ್ರೆ ಗಾಯ ಆಗಲ್ವೇನಮ್ಮ?" ಎಂದು ಕಕ್ಕಾಬಿಕ್ಕಿಯಾಗಿ ಕೇಳುತ್ತಾರೆ. "ಗಾಯ ಆಗ್ಲಿ ಅಂತಾನೇ ಹೊಡೆಯೋದು!" ಇದು ಮಾತ್ರ ಅವರ ತಲೆಗೆ ಇಳಿಯುವುದೇ ಇಲ್ಲ. ಕೊನೆಗೆ ಮೊನ್ನೆ, ತಂಡವೆಲ್ಲ ನೆಲಕಚ್ಚಿ ತಾವೊಬ್ಬರೇ ಉಳಿದಾಗ, ಮಾವ ಹೊಡೆದರು, ತುಟಿ ಕಚ್ಚಿಕೊಂಡರು, ಹಿಂದೆ ಸರಿದರು. ರಾಕ್ಷಸ ಹೆಜ್ಜೆಯಿಟ್ಟ, ಸಿಡಿಲಿಗೆ ಸತ್ತ. ಎಲ್ಲರೂ ಕುಣಿದಾಡಿದರು. ಮಾವ ಮಾತ್ರ ಬಿದ್ದ ರಾಕ್ಷಸನ ಮರದ ಗೊಂಬೆಯನ್ನೆತ್ತಿ, ಹೆಗಲ ಟವೆಲಿನಿಂದ ಅದರ ಕುತ್ತಿಗೆ ಮೆಲ್ಲಗೆ ಒರೆಸುತ್ತಾ ಕೇಳಿದರು: "ಅಲ್ಲಮ್ಮಾ, ಕತ್ತಿ ಕೆಳಗೆ ಕುತ್ತಿಗೆ ಕೊಟ್ಟೋನು ನಮ್ಮನ್ನ ನಂಬಿರ್ತಾನಲ್ವಾ?"