ನಾಲ್ಕು ಸೇರು ಹೆಚ್ಚು ತೂಗಿದ ಗಂಟೆ

ತೂಗಿ ನೋಡದ ಮಾತನ್ನು ನಾನು ನಂಬಿದವನಲ್ಲ. ಶ್ರೀರಂಗಪಟ್ಟಣದ ಸರ್ಕಾರಿ ಉಗ್ರಾಣದಲ್ಲಿ ಬಹುಕಾಲ ತೂಕದ ಕೆಲಸ ಮಾಡಿದೆ. ಕೋಳಿ ಕೂಗುವ ಮುನ್ನ ಸ್ನಾನ, ಬಳಿಕ ತೂಕದ ಕಲ್ಲುಗಳನ್ನು ಒರೆಸುವುದು, ತಕ್ಕಡಿಯ ಮುಳ್ಳು ನೆಟ್ಟಗಿದೆಯೇ ಎಂದು ನೋಡುವುದು, ಆಮೇಲೆ ಅಂಬಲಿ. ಈ ಕ್ರಮ ಮಗಳ ಮದುವೆಯ ದಿನವೂ ತಪ್ಪಲಿಲ್ಲ. ದೆವ್ವ ಕಂಡೆ ಎಂದು ಯಾರಾದರೂ ಹೇಳಿದರೆ, ಎಷ್ಟು ಎತ್ತರವಿತ್ತು, ಎಷ್ಟು ಹೊತ್ತು ನಿಂತಿತ್ತು ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಅಂಥವನ ಕಣ್ಣೆದುರಿಗೇ, ಅದೂ ಹಾಡುಹಗಲಿನಲ್ಲಿ, ಒಂದು ಸಂಗತಿ ನಡೆಯಿತು. ಅದನ್ನು ನಡೆದ ಹಾಗೆ ಹೇಳುತ್ತೇನೆ. ನಂಬಿ ಎಂದು ಒತ್ತಾಯಿಸುವುದಿಲ್ಲ. ಕೇಳುವವನಾಗಿದ್ದರೆ ನಾನೂ ನಂಬುತ್ತಿರಲಿಲ್ಲ.

ಮೊದಲು ನಮ್ಮ ಕೇರಿಯ ಮಾತು. ಪಟ್ಟಣದ ಕೋಟೆಯ ಹೊರಗೆ, ಪೂರ್ವಕ್ಕೆ, ಗಂಜಾಂ ಪೇಟೆ. ಅದರ ಕೊನೆಯಲ್ಲಿ ಕಂಚುಗಾರರ ಕೇರಿ, ನಲವತ್ತು ಮನೆ. ಎಲ್ಲರೂ ನಾಗಮಂಗಲದ ಕಡೆಯಿಂದ ಬಂದು ನೆಲೆಸಿದವರು. ದೀಪ, ಗಂಟೆ, ಕೊಳಗ, ವಿಗ್ರಹ ಎರಕ ಹೊಯ್ಯುವುದು ನಮ್ಮ ಕಸುಬು. ನಾನು ಹುಡುಗನಾಗಿದ್ದಾಗ ಕೋಟೆಯೊಳಗಿನವರು ನಮ್ಮ ಕೇರಿಯನ್ನು ಗೌರವದಿಂದಲೇ ಹೆಸರಿಸುತ್ತಿದ್ದರು. ದೀಪ ಕೊಳ್ಳುವಾಗ 'ನಾಗಮಂಗಲದ ಕೈಯೋ?' ಎಂದು ಕೇಳಿ ಕೊಳ್ಳುತ್ತಿದ್ದರು.

ಮೊದಲ ಮುತ್ತಿಗೆ ಆ ಹೆಸರನ್ನು ನುಂಗಿತು. ಪೇಟೆಯ ಅರ್ಧ ಭಾಗ ಸುಟ್ಟುಹೋಯಿತು. ಅದಕ್ಕಿಂತ ಕೆಟ್ಟದ್ದು ಒಂದು ಮಾತು. ಫಿರಂಗಿಗೆ ಲೋಹ ಸಾಲದೆ ಕೋಟೆಯೊಳಗಿನ ವರ್ತಕರು ತಮ್ಮ ಗುಡಿಯ ಹಳೆಯ ಗಂಟೆಯನ್ನೇ ಇಳಿಸಿ, ಕರಗಿಸಲು ನಮ್ಮ ಕೇರಿಗೆ ಕಳಿಸಿದ್ದರು. ಆ ಗದ್ದಲದಲ್ಲಿ ಅದರ ಒಂದು ಪಾಲು ಕಾಣೆಯಾಯಿತು. ಬೆಂಕಿಗೆ ಹೋಯಿತೋ, ಹೊಳೆಗೆ ಹೋಯಿತೋ, ಗಾಡಿ ಹೊಡೆದವನ ಮನೆಗೆ ಹೋಯಿತೋ, ಇವತ್ತಿಗೂ ಗೊತ್ತಿಲ್ಲ. ಹೆಸರು ಮಾತ್ರ ನಮಗೆ ಬಂತು: ಕಳ್ಳಗೇರಿ. ಒಂದೇ ವರ್ಷದಲ್ಲಿ ಅದು ಎಷ್ಟು ಬೇರೂರಿತೆಂದರೆ, ನಮ್ಮ ಹೆಂಗಸರು ನೀರಿಗೆ ಹೋದರೆ ಉಳಿದವರು ತಮ್ಮ ಬಿಂದಿಗೆಯನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದರು.

ಮುತ್ತಿಗೆ ಮುಗಿದ ಮರುವರ್ಷ ವರ್ತಕರ ಯಜಮಾನ, ಎಲ್ಲರೂ ದೊಡ್ಡಶೆಟ್ಟರು ಎನ್ನುತ್ತಿದ್ದವರು, ಒಂದು ಪಣ ಒಡ್ಡಿದರು. ಗುಡಿಗೆ ಹೊಸ ಗಂಟೆ ಬೇಕು. ತಾಮ್ರ ತವರ ಕೂಡಿ ನಾಲ್ಕು ಮಣ, ಅಂದರೆ ನೂರರುವತ್ತು ಸೇರು, ಅವರೇ ತೂಗಿ ಕೊಡುತ್ತಾರೆ. ಕರಗುವಾಗ ಆಗುವ ನಷ್ಟಕ್ಕೆ ಎಂಟು ಸೇರು ಬಿಟ್ಟು, ಮಿಕ್ಕ ನೂರೈವತ್ತೆರಡು ಸೇರು ಗಂಟೆಯ ರೂಪದಲ್ಲಿ ಅವರಿಗೆ ವಾಪಸು ಬರಬೇಕು. ಬೇರೆ ಲೋಹ ಒಂದು ಗುಂಜಿಯಷ್ಟೂ ಬೆರೆಯಕೂಡದು. ತೂಕ ಕಡಿಮೆಯಾದರೆ, ಇಲ್ಲವೇ ಎರಕ ಕೆಟ್ಟರೆ, ಕೇರಿಯ ಕಳ್ಳತನ ರುಜುವಾತಾದ ಹಾಗೆ. ನಲವತ್ತು ಮನೆಯೂ ಪೇಟೆ ಬಿಟ್ಟು ಹೊಳೆಯಾಚೆ ಹೋಗಬೇಕು. ತೂಗುವವನು ಯಾರೆಂಬ ಪ್ರಶ್ನೆ ಬಂದಾಗ ಶೆಟ್ಟರು ನನ್ನ ಕಡೆ ಕೈ ತೋರಿಸಿದರು. "ಇವನು ಆ ಕೇರಿಯವನೇ. ಆದರೆ ಅರ್ಧ ಸೇರು ಕಡಿಮೆ ಅಂತ ಹೆತ್ತಪ್ಪನ ಮಾಲನ್ನೇ ಉಗ್ರಾಣದಿಂದ ವಾಪಸು ಕಳಿಸಿದವನು" ಎಂದರು. ಅದು ನಿಜ. ಅಪ್ಪ ಆರು ತಿಂಗಳು ನನ್ನೊಡನೆ ಮಾತಾಡಿರಲಿಲ್ಲ.

ಎರಕದ ಯಜಮಾನ ನನ್ನ ದೊಡ್ಡಪ್ಪನ ಮಗ ವೀರಾಚಾರಿ. ಮೇಣದ ಕೆಲಸ ಅವನ ತಾಯಿ ಕಾಳಮ್ಮನದು, ನನ್ನ ದೊಡ್ಡವ್ವ. ನಮ್ಮ ಪದ್ಧತಿ ಹೀಗೆ: ಮೊದಲು ಮೇಣದಲ್ಲಿ ಗಂಟೆ ಮಾಡುವುದು, ಅದನ್ನು ತೂಗುವುದು, ಮೇಣದ ಎಂಟರಷ್ಟು ಲೋಹ ಬೇಕೆಂದು ಲೆಕ್ಕ ಹಾಕುವುದು. ಆಮೇಲೆ ಮೇಣಕ್ಕೆ ಮಣ್ಣು ಮೆತ್ತಿ ಒಣಗಿಸಿ, ಕಾಯಿಸಿ, ಮೇಣವನ್ನು ಹೊರಕ್ಕೆ ಇಳಿಸುವುದು. ಆ ಖಾಲಿ ಜಾಗಕ್ಕೆ ಲೋಹ ಹೊಯ್ಯುವುದು. ದೊಡ್ಡವ್ವನ ಮೇಣದ ಗಂಟೆ ಹತ್ತೊಂಬತ್ತು ಸೇರು ತೂಗಿತು. ಎಂಟರಿಂದ ಗುಣಿಸಿದರೆ ನೂರೈವತ್ತೆರಡು. ಲೆಕ್ಕ ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. ತೊಣ್ಣೂರು ಕೆರೆಯ ನುಣುಪು ಮಣ್ಣು ಮೆತ್ತಿದರು. ಅದು ಒಣಗಲು ಹಿಡಿದಷ್ಟು ದಿನವೂ ಉಗ್ರಾಣದ ಕೆಲಸ ಮುಗಿಸಿ ಬಂದು ನಾನು ಅದರ ಬಳಿ ಕೂರುತ್ತಿದ್ದೆ.

ಎರಕದ ದಿನ ಬೆಳಗ್ಗೆ ಅಚ್ಚನ್ನು ಕಾಯಿಸಿ ಮೇಣ ಇಳಿಸಿದರು. ಇಳಿದ ಮೇಣವನ್ನು ತೂಗುವುದು ಯಾರ ಪದ್ಧತಿಯೂ ಅಲ್ಲ, ನನ್ನ ಚಾಳಿ. ಮಣ್ಣು ಕುಡಿದದ್ದು ಹೋಗಿ ಹದಿನೆಂಟೂವರೆ ಸೇರು ಇರಬೇಕಿತ್ತು. ಇಪ್ಪತ್ತು ಬಂತು. ಎರಡನೆಯ ಸಲ ತೂಗಿದೆ. ಇಪ್ಪತ್ತೇ.

ದೊಡ್ಡವ್ವನನ್ನು ಕರೆದು ಕೇಳಿದೆ. ಅವಳು ಸೆರಗಿನ ತುದಿ ತಿರುವುತ್ತ ನಿಂತಳು. "ಅಂಚು ತೆಳ್ಳಗೆ ಕಾಣ್ತಿತ್ತು ಕಣ್ ಮಗ. ಕಳ್ಳಗೇರಿ ಗಂಟೆ, ಅದ್ಕೇ ತೆಳ್ಳಗದೆ ಅಂತ ಆ ಸೆಟ್ರು ಅಂದ್ಬುಟ್ರೆ? ನೀನು ತೂಗ್ಬುಟ್ಟು ಓದ್ಮೇಲೆ ಒಂದೂವರೆ ಸೇರು ಮೇಣ ಸುತ್ತುಬುಟ್ಟೆ."

ಒಂದೂವರೆ ಸೇರು ಮೇಣವೆಂದರೆ ಹನ್ನೆರಡು ಸೇರು ಲೋಹ. ಅಂಚು ಕೆಳಗಿರುವಂತೆ ಅಚ್ಚನ್ನು ಗುಂಡಿಯಲ್ಲಿ ಹೂತಾಗಿತ್ತು. ಲೋಹ ಕೆಳಗಿನಿಂದ ತುಂಬುತ್ತ ಬರುತ್ತದೆ. ಕಡಿಮೆ ಬಿದ್ದರೆ ಮೇಲೆ ತೂಗುಹಾಕುವ ಬಳೆಯೇ ಮೂಡುವುದಿಲ್ಲ. ಬಳೆಯಿಲ್ಲದ ಗಂಟೆ ಎಂದರೆ ತೂತಿರುವ ಕೊಳಗ. ಮತ್ತೆ ಕರಗಿಸಿದರೆ ಮತ್ತೆ ನಷ್ಟ, ತೂಕ ಇನ್ನೂ ಕಡಿಮೆ. ಹೊರಗಿನಿಂದ ಲೋಹ ತರೋಣವೆಂದರೆ ತಾಮ್ರ ತವರವೆಲ್ಲ ಸರ್ಕಾರದ ಆಯುಧಶಾಲೆಯ ಕಾವಲಿನಲ್ಲಿತ್ತು. ಕಾದ ಅಚ್ಚನ್ನು ಆರಲು ಬಿಟ್ಟರೆ ಬಿರುಕು ಬಿಡುತ್ತದೆ.

"ಮನೇಲಿರೋ ಚೆಂಬು ತಟ್ಟೆ ಆಕ್ಬುಡಾನ" ಎಂದ ವೀರಾಚಾರಿ.

ನಾನು ಒಪ್ಪಲಿಲ್ಲ. ಬೇರೆ ಲೋಹ ಬೆರೆಸುವುದಿಲ್ಲ ಎಂದು ಮಾತು ಕೊಟ್ಟಾಗಿದೆ, ಮಾತು ಮಾತೇ ಎಂದೆ. ಅವನು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. "ನಲ್ವತ್ತು ಮನೆ ಒಳೆ ಪಾಲಾದ್ರೂ ನಿನ್ ಮುಳ್ಳು ನೆಟ್ಟಗಿರ್ಬೇಕು, ಅಲ್ವೇನ್ಲಾ" ಎಂದು ಒಲೆಗೆ ಗಾಳಿಯೂದುವ ತಿದಿಯ ಕಡೆ ತಿರುಗಿದ. ಅಂದು ನಾನು ಮಾಡಿದ್ದು ಸರಿಯೆಂದು ಈಗಲೂ ಹೇಳುತ್ತೇನೆ.

ಲೋಹ ಕರಗಿಸುವ ಮೂಸೆಗಳು ಎಂಟು. ಒಂದೊಂದರಲ್ಲೂ ಇಪ್ಪತ್ತು ಸೇರು. ಲೋಹ ತುಂಬಿ, ಬಾಯಿಗೆ ಮಣ್ಣಿನ ಬಿರಡೆ ಮೆತ್ತಿ, ನನ್ನ ಉಂಗುರದ ಗುರುತು ಒತ್ತಿದವನು ನಾನೇ. ಒಲೆಗೆ ಇಳಿಸಿದಾಗಿನಿಂದ ಹೊರತೆಗೆಯುವ ತನಕ ಅಲ್ಲಿಂದ ಏಳಲಿಲ್ಲ. ಎಂಟು ಗುರುತೂ ಹಾಗೆಯೇ ಇದ್ದವು, ನೋಡಿ ನೋಡಿ ಒಡೆಸಿದೆ. ಹೊತ್ತು ನೆತ್ತಿಗೆ ಬಂದಿತ್ತು. ಕೇರಿಯ ಜನವೆಲ್ಲ ಗುಂಡಿಯ ಸುತ್ತ ನಿಂತಿದ್ದರು. ಹನ್ನೆರಡು ಸೇರಿನ ಸಂಗತಿ ಗೊತ್ತಿದ್ದದ್ದು ನಮ್ಮ ಮೂವರಿಗೆ ಮಾತ್ರ.

ಏನನ್ನಾದರೂ ಎಣಿಸುತ್ತಿರುವುದು ನನ್ನ ಅಭ್ಯಾಸ. ವೀರಾಚಾರಿ ಮೊದಲ ಮೂಸೆ ಬಗ್ಗಿಸಿದಾಗ ಎಣಿಸತೊಡಗಿದೆ. ಹನ್ನೆರಡಕ್ಕೆ ಬರಿದಾಯಿತು. ಎರಡನೆಯದೂ ಹನ್ನೆರಡು, ಮೂರನೆಯದೂ ಹನ್ನೆರಡು. ಏಳನೆಯದು ಮುಗಿದಾಗ ಹೊಯ್ಯುವ ಬಾಯಿಯೊಳಗೆ ಇಣುಕಿದೆ. ಕೆಂಪು ಎಲ್ಲೋ ಕೆಳಗಿತ್ತು. ಒಂದು ಮೂಸೆಯಿಂದ ಅದು ತುಂಬುವ ಮಾತೇ ಇಲ್ಲ. ಎಂಟನೆಯದನ್ನು ಬಗ್ಗಿಸಿದ. ಹತ್ತು, ಹನ್ನೊಂದು, ಹನ್ನೆರಡು. ಧಾರೆ ನಿಲ್ಲಲಿಲ್ಲ. ಸಣ್ಣಗಾಗಲೂ ಇಲ್ಲ. ಹದಿಮೂರು, ಹದಿನಾಲ್ಕು. ವೀರಾಚಾರಿಯ ಕಣ್ಣು ಮೂಸೆಯ ಮೇಲಿರಲಿಲ್ಲ, ನನ್ನ ಮೇಲಿತ್ತು. ಹದಿನೆಂಟಾದಾಗ ನಾನು ಎಣಿಸುತ್ತಿರುವುದು ಎಲ್ಲರಿಗೂ ಕೇಳುವಂತೆ ಜೋರಾಗಿತ್ತಂತೆ, ಆಮೇಲೆ ಹೇಳಿದರು. ಇಪ್ಪತ್ತಕ್ಕೆ ಕೆಂಪು ಮೇಲೇರಿ ಬಾಯಿಯ ಅಂಚಿಗೆ ಬಂದು ನಿಂತಿತು. ಒಂದು ಹನಿ ಹೊರಗೆ ಚೆಲ್ಲಲಿಲ್ಲ. ಧಾರೆಯೂ ಅಲ್ಲಿಗೇ ಕಡಿಯಿತು.

ವೀರಾಚಾರಿ ಮೂಸೆಯನ್ನು ನೆಲಕ್ಕಿಟ್ಟು ಅದರ ಪಕ್ಕದಲ್ಲೇ ಕುಳಿತುಬಿಟ್ಟ.

ಮೂರನೆಯ ದಿನ ಅಚ್ಚು ಒಡೆದರು. ಬಳೆ ತುಂಬಿ ಮೂಡಿತ್ತು. ಅಂಚು ದೊಡ್ಡವ್ವ ಸುತ್ತಿದಷ್ಟೇ ದಪ್ಪವಿತ್ತು. ಶೆಟ್ಟರು ನಾಲ್ವರು ವರ್ತಕರೊಡನೆ ಬಂದರು. ನಾನು ಕಲ್ಲುಗಳನ್ನು ಒರೆಸಿ ತೂಗಿದೆ. ನೂರರುವತ್ತನಾಲ್ಕು ಸೇರು. ಅವರು ಕೊಟ್ಟದ್ದೇ ನೂರರುವತ್ತು. ನಾವು ನೂರೈವತ್ತೆರಡು ಕೊಟ್ಟಿದ್ದರೆ ಸಾಕಿತ್ತು.

ಶೆಟ್ಟರು ನನ್ನ ತಕ್ಕಡಿಯನ್ನು ತಿರುಗಿಸಿ ನೋಡಿದರು. ಕೋಟೆಯೊಳಗಿನಿಂದ ತಮ್ಮ ತಕ್ಕಡಿ, ತಮ್ಮ ಕಲ್ಲು ತರಿಸಿದರು. ನೂರರುವತ್ತನಾಲ್ಕು. ತಟ್ಟೆಗಳನ್ನು ಅದಲುಬದಲು ಮಾಡಿಸಿದರು. ಅಷ್ಟೇ. ಒರೆಗಲ್ಲಿಗೆ ಉಜ್ಜಿ ಬಣ್ಣ ನೋಡಿದರು. ಕೊಟ್ಟ ಲೋಹದ ಬಣ್ಣವೇ. ಅಷ್ಟರಲ್ಲಿ ಪೇಟೆಯ ಅರ್ಧ ಜನ ಸೇರಿತ್ತು.

"ಕಡ್ಮೆ ಬಂದ್ರೆ ಒಳೆಯಾಚೆ ಅಂದಿದ್ರಿ" ಎಂದಳು ದೊಡ್ಡವ್ವ. "ಎಚ್ಚು ಬಂದ್ರೆ ಎತ್ತಗೆ ಓಗ್ಬೇಕು ಏಳಿ ಸೆಟ್ರೇ."

ಜನ ನಕ್ಕ ಸದ್ದು ಕೋಟೆಯ ಗೋಡೆಗೆ ಬಡಿದು ಬಂದಿರಬೇಕು. ಶೆಟ್ಟರು ನಗಲಿಲ್ಲ. "ಈ ಹೆಚ್ಚಿನ ಲೋಹ ಯಾರದಮ್ಮಾ?" ಎಂದು ಕೇಳಿದರು.

"ನಮ್ದಲ್ಲ. ನಿಮ್ದೂ ಅಲ್ಲ. ಗಂಟೇದು."

ಅವರು ದೊಡ್ಡ ಮನುಷ್ಯರೇ. ತಲೆಯ ರುಮಾಲು ತೆಗೆದು, ಎಲ್ಲರ ಮುಂದೆ ಗಂಟೆಗೆ ಕೈ ಮುಗಿದರು. ಆಮೇಲೆ ವೀರಾಚಾರಿಗೂ ಮುಗಿದರು. ಅವನೇ ಗಂಟೆಯನ್ನು ಮೊದಲು ಬಾರಿಸಬೇಕೆಂದರು. ಆ ನಾದ ಹೊಳೆ ದಾಟಿ ಹೋಯಿತು. ಹಣೆಯ ಮೇಲೆ ಒಂದು ವರ್ಷ ಹೊತ್ತಿದ್ದ ಮಸಿಯನ್ನು ಒರೆಸಿಕೊಂಡ ಹಾಗೆ ನಮ್ಮವರು ಮುಖವೆತ್ತಿ ನಿಂತಿದ್ದರು. ಗಂಟೆಯನ್ನು ಹೆಗಲ ಮೇಲೆ ಕೋಟೆಯೊಳಗೆ ಕೊಂಡೊಯ್ಯುವಾಗ, ಬಿಂದಿಗೆ ಎಳೆದುಕೊಳ್ಳುತ್ತಿದ್ದ ಹೆಂಗಸರೇ ದಾರಿಗೆ ನೀರು ಚಿಮುಕಿಸಿದರು. ಮುಂದಿನ ಹಬ್ಬ ಬರುವಷ್ಟರಲ್ಲಿ ಕಳ್ಳಗೇರಿ ಎಂಬ ಮಾತು ಸತ್ತಿತ್ತು. ಪೇಟೆಯಲ್ಲಿ ಯಾರಾದರೂ ಧಾರಾಳವಾಗಿ ಅಳೆದು ಕೊಟ್ಟರೆ 'ಕಂಚುಗಾರ ಕೇರಿ ತೂಕ' ಎನ್ನುವುದು ರೂಢಿಯಾಯಿತು.

ನನಗೆ ಮಾತ್ರ ನಿದ್ದೆ ಬರಲಿಲ್ಲ. ನಮ್ಮ ಕೇರಿಯಲ್ಲಿ ಪ್ರತಿ ಪಾತ್ರೆಗೂ ಮನೆಯ ಗುರುತು ಕೊರೆದಿರುತ್ತದೆ. ನಲವತ್ತು ಮನೆಗೂ ಹೋಗಿ ಪಾತ್ರೆಗಳನ್ನು ನೋಡಿದೆ. ಒಂದು ಚಮಚವೂ ಕಾಣೆಯಾಗಿರಲಿಲ್ಲ. ದೊಡ್ಡವ್ವ ಬೈದಳು. "ಕಡ್ಮೆ ಬಿತ್ತು ಅಂತ ಅತ್ತೆ, ಎಚ್ಚು ಬಂತು ಅಂತ್ಲೂ ಅಳ್ತಿಯಲ್ಲೋ. ನಿನ್ ಎಂಡ್ರು ಎಂಗ್ ಬಾಳಾಟ ಮಾಡ್ತಾಳ್ಲಾ ನಿನ್ ಕೂಡೆ."

ಕೊನೆಯ ಯುದ್ಧದಲ್ಲಿ ಪಟ್ಟಣ ಬಿತ್ತು. ಕೇರಿ ಚದುರಿತು, ಕೆಲವರು ಹಿರೋಡೆಗೆ, ಹೆಚ್ಚಿನವರು ನಾಗಮಂಗಲಕ್ಕೆ. ಈಗ ಎಲ್ಲಿ ಹೋದರೂ, ಆ ಕೇರಿಯಲ್ಲಿ ಒಂದು ದಿನವೂ ಇರದವರು ಕೂಡ ತಾವು ಅಲ್ಲಿಯವರೆಂದು ಹೇಳಿಕೊಳ್ಳುತ್ತಾರೆ. ನಾನು ತಿದ್ದುವುದಿಲ್ಲ. ಕೇಳಲು ಹಿತವಾಗಿರುತ್ತದೆ.

ಪಟ್ಟಣ ಬಿದ್ದ ವರ್ಷವೇ, ಮಳೆ ನಿಂತ ಮೇಲೆ, ನಾಗಮಂಗಲದಲ್ಲಿ ವೀರಾಚಾರಿಯನ್ನು ಕಂಡೆ. ಇಬ್ಬರೇ ಕುಳಿತಿದ್ದೆವು. ನಿಜ ಹೇಳಣ್ಣ, ಏನಾದರೂ ಬೆರೆಸಿದ್ದೆಯಾ ಎಂದು ಕೇಳಿದೆ.

"ನೀನು ಎದ್ದು ಉಚ್ಚೆಗೂ ಓಗ್ನಿಲ್ವಲ್ಲೋ, ಯಾವಾಗ್ ಬೆರೆಸ್ಲಿ" ಎಂದ. ಆಮೇಲೆ ಹೇಳಿದ: "ಏಳು ಮೂಸೆನೂ ಬಗ್ಗುಸ್ತಾ ಬಗ್ಗುಸ್ತಾ ಅಗುರಾದ್ವು. ಎಂಟ್ನೇದು ಆಗ್ನಿಲ್ಲ. ನೆಲಕ್ಕಿಕ್ಕೋಗಂಟ ಎತ್ತಿದಾಗ ಎಷ್ಟಿತ್ತೋ ಅಷ್ಟೇ ಭಾರ ಇತ್ತು. ಬಗ್ಗಿ ನೋಡ್ದೆ, ಒಳಗೇನೂ ಇರ್ನಿಲ್ಲ."

ಆಗಲೇ ಏಕೆ ಹೇಳಲಿಲ್ಲ ಎಂದೆ.

"ಏಳಿದ್ರೆ ನೀನು ತೂಗ್ತಿದ್ದೆ."

ಎರಕ ಮುಗಿದ ಮೂಸೆಗಳನ್ನು ಅಂದೇ ಒಡೆದು ಹಾಕುವುದು ನಮ್ಮ ಪದ್ಧತಿ. ಆ ಮೂಸೆಯನ್ನೂ ಒಡೆದಿದ್ದರು. ಕಣ್ಣಿಗೆ ಬಿದ್ದದ್ದನ್ನೆಲ್ಲ ತೂಗಿದ ನಾನು, ಬರಿದಾದ ಆ ಮೂಸೆಯನ್ನು ತೂಗಿ ನೋಡಬೇಕೆಂದು ಯೋಚಿಸಿರಲೇ ಇಲ್ಲ.